ನಲವತ್ತೇಳನೆಯ ಪುಟ

ಫೋನು ಕೆಳಗಿಟ್ಟ ಮೇಲೂ ಸಾವೇರಿಯೊ ಮಿದೊಲೊನ ಕಿವಿಯಲ್ಲಿ ಒರ್ನೆಲ್ಲಾಳ ನಗು ಉಳಿದುಕೊಂಡಿತ್ತು. ನಗುವಂಥದ್ದೇನನ್ನೂ ಅವಳು ಹೇಳಿರಲಿಲ್ಲ. ಅವನು ಬರೆದ ಸಿರಕೂಸ ನಗರದ ಪ್ರವಾಸಿ ಕೈಪಿಡಿಯ ಒಂಬತ್ತನೆಯ ಮುದ್ರಣ ಇವತ್ತು ಮಧ್ಯಾಹ್ನ ಮೂರಕ್ಕೆ ಅಚ್ಚಿಗೆ ಹೋಗುತ್ತದೆ, ನಲವತ್ತೇಳನೆಯ ಪುಟದ ಬಗ್ಗೆ ಒಂದು ದೂರು ಬಂದಿದೆ, ಅಷ್ಟೆ. "ತೊರೀನೋದಿಂದ ಯಾರೋ ಇಂಜಿನಿಯರು ಬರೆದಿದಾರೆ ಮೇಷ್ಟ್ರೇ. ಬಾವಿ ಓಣೀಲಿ ಆ ಹೆಂಗಸು ಬಾಗಿಲೇನೋ ತೆಗೆದಳಂತೆ, ಕೆಳಗೂ ಕರ್ಕೊಂಡು ಹೋದಳಂತೆ, ಅರ್ಧಕ್ಕೇ ಜಗಳ ಆಡಿ ಆಚೆ ಅಟ್ಟಿದಳಂತೆ. ನೀವು ನೋಡಿದ್ರೆ 'ಮನೆಯಾಕೆ ಸಂತೋಷದಿಂದ ತೋರಿಸುತ್ತಾಳೆ' ಅಂತ ಬರೆದಿದೀರಿ. ಅದನ್ನ ಇಟ್ಕೊಳ್ಳೋದಾ, ತೆಗೆಯೋದಾ? ಒಂದ್ಸಲ ಹೋಗಿ ನೋಡ್ಕೊಂಡು ಬಂದ್ಬಿಡಿ. ನಿಮ್ಮನೆಯಿಂದ ಹತ್ತು ಹೆಜ್ಜೆ ತಾನೆ?" ಹತ್ತು ಹೆಜ್ಜೆ ಅಂದಾಗ ಅವಳು ನಕ್ಕಿದ್ದು. ಪ್ರಕಾಶಕನಾಗಿದ್ದ ಅವಳಪ್ಪ ಪ್ರೂಫುಗಳನ್ನು ಕಂಕುಳಲ್ಲಿಟ್ಟುಕೊಂಡು ತಾನೇ ಮನೆಗೆ ಬರುತ್ತಿದ್ದ, ಮೇಷ್ಟ್ರು ಕೂತ್ಕೊಳ್ಳಿ ಅನ್ನುವವರೆಗೆ ನಿಂತೇ ಇರುತ್ತಿದ್ದ. ಮಗಳಿಗೆ ತಾನು ಇನ್ನೂ ಬದುಕಿರುವುದೇ ಒಂದು ಅಡಚಣೆಯಾಗಿ ಕಾಣುತ್ತಿರಬೇಕು ಎಂದುಕೊಂಡ ಸಾವೇರಿಯೊ. ಸತ್ತಿದ್ದರೆ ಯಾವ ಪುಟವನ್ನು ಬೇಕಾದರೂ ಕೇಳದೆ ತಿದ್ದಬಹುದಿತ್ತು. ಆ ಹತ್ತು ಹೆಜ್ಜೆಯನ್ನು ತಾನು ಇಪ್ಪತ್ತೊಂಬತ್ತು ವರ್ಷದಿಂದ ಇಟ್ಟಿಲ್ಲವೆಂಬುದು ಅವಳಿಗೆ ಗೊತ್ತಿರುವುದು ಸಾಧ್ಯವಿರಲಿಲ್ಲ. ಆದರೂ ಗೊತ್ತಿರುವವಳ ಹಾಗೆ ನಕ್ಕಳು.

ಪುಸ್ತಕ ತೆರೆದು ನೋಡಬೇಕಾದ ಅಗತ್ಯವೇ ಇರಲಿಲ್ಲ. ಆದರೂ ತೆರೆದ. "ಹಳೆಯ ಯೆಹೂದಿ ಕೇರಿಯಾದ ಜುದೆಕ್ಕದ ಓಣಿಗಳಲ್ಲಿ ದಾರಿ ತಪ್ಪಿಸಿಕೊಳ್ಳಿ. ಬಾವಿ ಓಣಿಯ ತುದಿಯಲ್ಲಿ ಒಂದು ಹಸಿರು ಬಾಗಿಲಿದೆ, ತಟ್ಟಿ. ಮನೆಯಾಕೆ ನಿಮ್ಮನ್ನು ಸಂತೋಷದಿಂದ ಹದಿನೆಂಟು ಮೆಟ್ಟಿಲು ಕೆಳಗೆ, ಬಂಡೆಯಲ್ಲಿ ಕೊರೆದ ಪುರಾತನ ಸ್ನಾನಕೊಳಕ್ಕೆ ಕರೆದೊಯ್ದು ತೋರಿಸುತ್ತಾಳೆ. ಯುದ್ಧದ ಬೇಸಿಗೆಯಲ್ಲಿ, ಬಾಂಬುಗಳು ಬೀಳುತ್ತಿದ್ದಾಗ, ಓಣಿಯವರೆಲ್ಲ ಇಲ್ಲಿ ಅಡಗಿದ್ದರು. ಕತ್ತಲಲ್ಲಿ ಒಬ್ಬ ಎಳೆಯ ತಾಯಿ ತನ್ನ ಗಂಡುಕೂಸಿಗೆ ಜೋಗುಳ ಹಾಡುತ್ತಿದ್ದಳು. ಹಾಡುತ್ತ ಹಾಡುತ್ತ ಅವಳಿಗೇ ಜೋಂಪು ಹತ್ತಿತು, ಕೂಸು ಜಾರಿ ನೀರಿಗೆ ಸೇರಿತು. ಕಿವಿಗೊಟ್ಟರೆ ಇಂದಿಗೂ ಆ ನೀರಿನಲ್ಲಿ ಜೋಗುಳ ಕೇಳಿಸುತ್ತದೆ ಎನ್ನುತ್ತಾರೆ." ಎನ್ನುತ್ತಾರೆ. ಯಾರೆನ್ನುತ್ತಾರೆ? ಆ ಕ್ರಿಯಾಪದವನ್ನು ಬರೆದ ಮಧ್ಯಾಹ್ನ ಅವನಿಗೆ ನೆನಪಿತ್ತು. ಮೂವತ್ತಮೂರರ ಪ್ರಾಯ, ಬೇಸಿಗೆ ರಜ, ಇದೇ ಮೇಜು. ಬರೆದು, ಗಟ್ಟಿಯಾಗಿ ಓದಿ, ತನ್ನ ಕಣ್ಣು ತಾನೇ ಒದ್ದೆಯಾದದ್ದು ಕಂಡು ಖುಷಿಪಟ್ಟಿದ್ದ. ಆಮೇಲೆ ಪುಸ್ತಕ ಜರ್ಮನ್ನಿಗೆ ಹೋಯಿತು, ಫ್ರೆಂಚಿಗೆ ಹೋಯಿತು. ಎಲ್ಲರೂ ಹೊಗಳಿದ್ದು ದೊಡ್ಡ ದೇವಾಲಯದ ಬಗ್ಗೆ ಬರೆದ ಇಪ್ಪತ್ತು ಪುಟಗಳನ್ನಲ್ಲ, ಈ ಏಳು ಸಾಲುಗಳನ್ನು.

ಹೊರಗೆ ದಕ್ಷಿಣದ ಗಾಳಿ ಬೀಸುತ್ತಿತ್ತು, ಆಫ್ರಿಕಾದ ಧೂಳನ್ನು ಕಡಲ ಮೇಲಿಂದ ಹೊತ್ತು ತಂದು ಬಾಯೊಳಗೆ ತುರುಕುವ ಗಾಳಿ. ಅಂಥ ದಿನ ಊರಿನವರು ಕಿಟಕಿ ಮುಚ್ಚಿ ಒಳಗಿರುತ್ತಾರೆ, ಬಂದವರು ಮಾತ್ರ ಬೀದಿಯಲ್ಲಿರುತ್ತಾರೆ. ಚಿಲುಮೆಯ ಕಟ್ಟೆಯ ಹತ್ತಿರ ಹಳದಿ ಕೊಡೆ ಹಿಡಿದ ಗೈಡು ಹುಡುಗಿಯೊಬ್ಬಳು ಅವನನ್ನು ಕಂಡು, ತನ್ನ ಹಿಂದಿದ್ದ ಮೂವತ್ತು ಜನಕ್ಕೆ, "ನೋಡಿ, ನಮ್ಮೂರಿನ ಪುಸ್ತಕ ಬರೆದವರು ಇವರೇ!" ಎಂದು ಕೂಗಿದಳು. ಅವನು ಬೇಡವೆಂದುಕೊಂಡರೂ ನಿಂತ, ಬೆನ್ನು ತಾನಾಗಿ ನೆಟ್ಟಗಾಯಿತು. ಗುಂಪಿನಿಂದ ಕೆಂಪು ಮುಖದ ಒಬ್ಬ ಯಜಮಾನ ಮುಂದೆ ಬಂದು, ತುಂಬ ಗೌರವದಿಂದ, ಇಲ್ಲಿ ಹತ್ತಿರದಲ್ಲಿ ಪಾಯಿಖಾನೆ ಎಲ್ಲಿದೆ ಎಂದು ಕೇಳಿದ. ಸಾವೇರಿಯೊ ಹೇಳಿದ. ಎಡಕ್ಕೆ ತಿರುಗಿ, ಮೀನು ಮಾರುಕಟ್ಟೆಯ ಹಿಂದೆ. ಸರಿಯಾಗಿ, ವಿವರವಾಗಿ, ತರಗತಿಯಲ್ಲಿ ಹೇಳುವ ಹಾಗೆ ಹೇಳಿದ. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

ಬಾವಿ ಓಣಿಗೆ ತಿರುಗುವ ಮೂಲೆಯಲ್ಲಿ ಅವನ ಬಲಗೈ ಭಾರವಾಯಿತು. ಇದೇ ಕೈಯಲ್ಲಿ ಎಣ್ಣೆಯ ಡಬ್ಬಿ ಹಿಡಿದು ಇದೇ ಮೂಲೆ ತಿರುಗುತ್ತಿದ್ದ, ಪ್ರತಿ ಡಿಸೆಂಬರಿನಲ್ಲಿ ಸಂತ ಲೂಚಿಯಾಳ ಹಬ್ಬದ ಬೆಳಿಗ್ಗೆ, ಆರು ವರ್ಷದಿಂದ ಹದಿನೈದು ವರ್ಷದವನಾಗುವವರೆಗೆ. ಅಪ್ಪ, ನೋಟರಿ ಕೊರ್ರಾದೊ ಮಿದೊಲೊ, ಡಬ್ಬಿಯ ಮುಚ್ಚಳವನ್ನು ತಾನೇ ಬಿಗಿಮಾಡಿ, "ವೆನ್ನೆರಾಗೆ ಕೊಟ್ಬಾ. ಏನೂ ಹೇಳಬೇಡ, ಕೊಟ್ಬಾ ಅಷ್ಟೆ," ಅನ್ನುತ್ತಿದ್ದ. ವೆನ್ನೆರಾ ಅವರ ಮನೆಯ ಬಟ್ಟೆ ಒಗೆಯುವವಳು. ಸೋಡಾಪುಡಿಯಿಂದ ತುದಿ ಬಿಳಿಚಿಕೊಂಡ ಬೆರಳುಗಳಲ್ಲಿ ಡಬ್ಬಿ ಇಸಿದುಕೊಂಡು, ಎಣ್ಣೆಯನ್ನು ತನ್ನ ಗಡಿಗೆಗೆ ಸುರಿದುಕೊಂಡು, ಡಬ್ಬಿಯನ್ನು ತೊಳೆದು, ಒರೆಸಿ, ಹಿಂದಕ್ಕೆ ಕೊಡುತ್ತಿದ್ದಳು. ಥ್ಯಾಂಕ್ಸ್ ಅನ್ನುತ್ತಿರಲಿಲ್ಲ. ಎಷ್ಟು ಸೊಕ್ಕು ಇವಳಿಗೆ ಎಂದು ಅವನು ಅಂದುಕೊಳ್ಳುತ್ತಿದ್ದ. ಹನ್ನೆರಡನೆಯ ವರ್ಷದಲ್ಲಿ ಅವಳ ಮಗಳು ಅಗ್ರಿಪ್ಪಿನಾ, ಅವನಿಗಿಂತ ಎರಡು ವರ್ಷ ದೊಡ್ಡವಳು, ಆ ಎಣ್ಣೆ ಯಾಕೆಂದು ಹೇಳಿದಳು. ನೆಲಮಾಳಿಗೆಯ ನಾಲ್ಕನೆಯ ಮೆಟ್ಟಿಲ ಮೇಲೆ ಇಬ್ಬರೂ ಕೂತು ಒಂದೇ ಕಿತ್ತಳೆ ಹಣ್ಣು ತಿನ್ನುತ್ತಿದ್ದರು. ತೊಳೆಗಳನ್ನು ಬಿಡಿಸಿ ಒಂದೊಂದಾಗಿ ಅವನ ಕೈಗಿಡುತ್ತ, ಪಾಠ ಒಪ್ಪಿಸುವ ಹುಡುಗಿಯ ಹಾಗೆ ಹೇಳಿದಳು. ನಮ್ಮಕ್ಕ ಸರೀನಾಗೆ ಎಂಟು ತಿಂಗಳು, ಹಲ್ಲು ಬರ್ತಿತ್ತಂತೆ, ಅಳು ನಿಲ್ಲಿಸ್ತಿರ್ಲಿಲ್ಲವಂತೆ. ಮೇಲಿನ ಮೆಟ್ಟಿಲ ಮೇಲೆ ನಿಮ್ಮೋರೆಲ್ಲ ಇದ್ರಂತೆ. ಮೇಲೆ ಬಾಂಬು. ನಿಮ್ಮಪ್ಪ ನಮ್ಮವ್ವಂಗೆ ಅಂದ್ರಂತೆ, ಆ ಪಿಶಾಚಿ ಬಾಯಿ ಮುಚ್ಸು, ಇಲ್ಲಾ ಕೆಳಗೆ ತಗೊಂಡು ಹೋಗು, ನಮ್ಮಮ್ಮಂಗೆ ಎದೆನೋವು ಅಂತ. ಅವ್ವ ಹೋದ್ಲು. ಕೆಳಗಿನ ಮೆಟ್ಟಿಲು ಪಾಚಿ. ದೊಡ್ಡದೊಂದು ಬಿತ್ತಲ್ಲ ಮೇಲೆ, ಎಲ್ಲಾ ಅಲ್ಲಾಡ್ತಲ್ಲ, ಅವಾಗ ಕೈ ಜಾರ್ತು. ಕತ್ಲು. ಅವ್ವ ನೀರಲ್ಲಿ ನಿಂತ್ಕೊಂಡು ಯಾರಾದ್ರೂ ಕಡ್ಡಿ ಗೀರ್ರೋ, ಒಂದು ಕಡ್ಡಿ ಗೀರ್ರೋ ಅಂತ ಕೂಗಿದ್ಲಂತೆ. ಯಾರೂ ಗೀರ್ಲಿಲ್ಲ. ಆಮೇಲೆ, ಸದ್ದೆಲ್ಲ ನಿಂತ ಮೇಲೆ, ನಿಮ್ಮಪ್ಪ ಸಿಗರೇಟು ಹಚ್ಚಿದ್ರಂತೆ. ಆ ಬೆಳಕಲ್ಲೇ ಅವ್ವಂಗೆ ಕಂಡಿದ್ದು. ಹೇಳಿ ಮುಗಿಸಿ ಕೊನೆಯ ತೊಳೆಯನ್ನು ತನ್ನ ಬಾಯಿಗೆ ಹಾಕಿಕೊಂಡಿದ್ದಳು. ಅವನು ಆ ಸಂಜೆ ಅಪ್ಪನ ಸಿಗರೇಟಿನ ಪೊಟ್ಟಣವನ್ನು ನೋಡುತ್ತ ಕೂತಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಮುಂದಿನ ಡಿಸೆಂಬರಿನಲ್ಲಿಯೂ ಡಬ್ಬಿ ಹೊತ್ತುಕೊಂಡು ಹೋದ.

ಪುಸ್ತಕ ಬರೆಯುವಾಗ ಅಪ್ಪ ಇನ್ನೂ ಇದ್ದ. ಪ್ರೂಫನ್ನು ಅವನ ಮುಂದಿಟ್ಟು ಸಾವೇರಿಯೊ ಪಕ್ಕದ ಕೋಣೆಯಲ್ಲಿ ಕಾದಿದ್ದ. ಪುಟ ಮಗುಚುವ ಸದ್ದು ನಲವತ್ತೇಳರಲ್ಲಿ ನಿಂತದ್ದು ಗೋಡೆಯಾಚೆಯಿಂದಲೂ ತಿಳಿಯಿತು. ತುಂಬ ಹೊತ್ತು ನಿಂತಿತು. ಆಮೇಲೆ ಮತ್ತೆ ಮಗುಚಿಕೊಂಡಿತು. ಊಟದ ಹೊತ್ತಿಗೆ ಅಪ್ಪ ಪ್ರೂಫು ಹಿಂದಿರುಗಿಸುತ್ತ, "ಭಾಷೆ ಚೆನ್ನಾಗಿದೆ," ಎಂದ. ಅಪ್ಪ ಹೊಗಳಿದ್ದು ಅದೇ ಮೊದಲು, ಅದೇ ಕೊನೆ. ಆ ಹೊಗಳಿಕೆಗಾಗಿಯೇ ತಾನು ಜೋಗುಳವನ್ನು ಬರೆದದ್ದೇ ಎಂಬ ಪ್ರಶ್ನೆ ಅವನಿಗೆ ಬಹಳ ವರ್ಷ ತಡವಾಗಿ ಹುಟ್ಟಿತು, ಹುಟ್ಟಿದ ಕೂಡಲೆ ಅದನ್ನು ಅಲ್ಲೇ ಅದುಮಿದ್ದ.

ಹಸಿರು ಬಾಗಿಲಿನ ಮುಂದೆ ಐದು ಜನ ನಿಂತಿದ್ದರು. ಒಂದೇ ಬಗೆಯ ಹ್ಯಾಟು ಹಾಕಿದ ಗಂಡಹೆಂಡತಿ, ಉತ್ತರದ ಕಡೆಯ ಉಚ್ಚಾರದ ದಪ್ಪನೆಯ ಹೆಂಗಸು, ಬೆನ್ನಚೀಲದ ಇಬ್ಬರು ಹುಡುಗಿಯರು. ಎಲ್ಲರ ಕೈಯಲ್ಲೂ ಅವನ ಪುಸ್ತಕ, ಬೆರಳು ಅದೇ ಪುಟದಲ್ಲಿ. ಬಾಗಿಲಿನ ಪಕ್ಕದ ಗೋಡೆಯಲ್ಲಿ, ಸೊಂಟದೆತ್ತರದಲ್ಲಿ, ಸುಣ್ಣ ಉಜ್ಜಿಹೋಗಿ ಕಲ್ಲು ಹೊಳೆಯುತ್ತಿತ್ತು. ವೆನ್ನೆರಾ ಸಂಜೆಹೊತ್ತು ಕುರ್ಚಿ ಹಾಕಿಕೊಂಡು ಒರಗುತ್ತಿದ್ದ ಜಾಗ. ಅವಳು ಅಲ್ಲಿ ಅವರೆಕಾಳು ಸುಲಿಯುತ್ತ ಕೂತಿದ್ದಾಗಲೇ, ಪುಸ್ತಕ ಬಂದ ಮರುವರ್ಷ, ಜರ್ಮನಿಯ ಹೆಂಗಸೊಬ್ಬಳು ಎದುರಿಗೆ ಬಂದು ನಿಂತದ್ದು. ಭಾಷೆ ಬಾರದವಳು. ಪುಟವನ್ನು ತೋರಿಸಿ, ಎರಡು ಕೈಗಳನ್ನು ತೊಟ್ಟಿಲ ಹಾಗೆ ಮಾಡಿ ತೂಗಿ, "ಪಾಪು? ನೀರು? ಎಲ್ಲಿ?" ಎಂದಳಂತೆ, ನಗುತ್ತ. ಪಾಪ, ಅವಳಿಗೇನು ಗೊತ್ತು. ನಲವತ್ತು ವರ್ಷ ವೆನ್ನೆರಾ ಆ ಮಾತನ್ನು ಹೊರಗಿನವರಾರ ಮುಂದೂ ಎತ್ತಿರಲಿಲ್ಲ. ಕಾಳಿನ ಬುಟ್ಟಿಯನ್ನು ಬೀದಿಯಲ್ಲೇ ಬಿಟ್ಟು ಒಳಗೆ ಹೋದವಳು ಆಮೇಲೆ ಎಂಟು ವರ್ಷ ಬದುಕಿದಳು, ಆ ಕುರ್ಚಿಯನ್ನು ಮತ್ತೆ ಹೊರಗೆ ಹಾಕಲಿಲ್ಲ. ಸುದ್ದಿಯನ್ನು ಅಕ್ಕ ಫಿಲೊಮೇನಾ ಮೀನು ಮಾರುಕಟ್ಟೆಯಿಂದ ತಂದಾಗ ಸಾವೇರಿಯೊ ಅಂದಿದ್ದ, "ಇಷ್ಟ ಇಲ್ಲಾಂದ್ರೆ ಬಾಗಿಲು ತೆಗೆಯದಿದ್ರಾಯ್ತಪ್ಪ." ಹಾಗಂದದ್ದು ಮಾತ್ರ ಅವನಿಗೆ ಯಾವಾಗಲೂ, ಯಾವ ಕಾರಣವೂ ಇಲ್ಲದೆ, ಮುಖಕ್ಷೌರ ಮಾಡಿಕೊಳ್ಳುವಾಗ ನೆನಪಾಗುತ್ತದೆ.

ಬಾಗಿಲು ತೆರೆಯಿತು. ಅಗ್ರಿಪ್ಪಿನಾ ಕುಳ್ಳಗಾಗಿದ್ದಳು. ಕನ್ನಡಕಕ್ಕೆ ದಾರ ಕಟ್ಟಿ ಕತ್ತಿಗೆ ಹಾಕಿಕೊಂಡಿದ್ದಳು, ಅಡುಗೆಯ ಅರಿವೆಗೆ ಒದ್ದೆ ಕೈ ಒರೆಸಿಕೊಳ್ಳುತ್ತಿದ್ದಳು. ಒಬ್ಬೊಬ್ಬರ ಮುಖವನ್ನೂ ನೋಡಿದಳು. ಅವನ ಮುಖದ ಮೇಲೆ ಅವಳ ಕಣ್ಣು ಬೇರೆಯವರ ಮೇಲೆ ನಿಂತಷ್ಟೇ ಹೊತ್ತು ನಿಂತಿತು. "ಆರು ಜನ. ಬನ್ನಿ. ತಲೆ ಬಗ್ಗಿಸ್ಕೊಂಡು ಬನ್ನಿ."

"ನಾನು ಇವರ ಜೊತೆ ಅಲ್ಲ," ಅಂದ ಅವನು.

"ನಿಮಗೂ ಸೇರಿಸೇ ಹೇಳಿದ್ದು ಯಜಮಾನರೇ. ಬಾಗಿಲು ಗಿಡ್ಡ ಇದೆ. ತಲೆ ಬಗ್ಗಿಸಿ."

ಬಗ್ಗಿಸಿದ. ಮೆಟ್ಟಿಲಿಳಿಯುವಾಗ ಎಣಿಸಬಾರದೆಂದುಕೊಂಡು ಎಣಿಸಿದ. ನಾಲ್ಕನೆಯದನ್ನು ತುಳಿಯದೆ ದಾಟಲು ಹೋಗಿ ಮುಗ್ಗರಿಸಿದಾಗ ಮುಂದಿದ್ದ ದಪ್ಪನೆಯ ಹೆಂಗಸು, "ನಿಧಾನ ತಾತ," ಎಂದು ಅವನ ಮೊಣಕೈ ಹಿಡಿದುಕೊಂಡಳು, ಕೆಳಗೆ ತಲುಪುವವರೆಗೆ ಬಿಡಲಿಲ್ಲ. ಒಂದು ಬಲ್ಬು ಉರಿಯುತ್ತಿತ್ತು. ನೀರು ಅಷ್ಟೇನೂ ಆಳವಿರಲಿಲ್ಲ, ಎದೆಯುದ್ದ ಇರಬಹುದು, ತಳದ ಕಲ್ಲು ಕಾಣಿಸುವಷ್ಟು ತಿಳಿಯಾಗಿತ್ತು. ಇಷ್ಟು ಚಿಕ್ಕದೇ ಇದು? ಅವನ ಏಳು ಸಾಲುಗಳಲ್ಲಿ ಅದು ಎಷ್ಟು ದೊಡ್ಡದಾಗಿತ್ತು. ಇಲ್ಲಿಂದ ಮೇಲಿನ ಮೆಟ್ಟಿಲಿಗೆ ಎಷ್ಟು ದೂರ? ಅಪ್ಪ ನಿಂತಿದ್ದಿರಬಹುದಾದ ಕಡೆಗೆ ಕತ್ತೆತ್ತಿ ನೋಡಿದ. ಒಬ್ಬ ಮನುಷ್ಯ ಮೆಲ್ಲಗೆ ಮಾತಾಡಿದರೂ ಕೇಳಿಸುವಷ್ಟು ಹತ್ತಿರ. ಕೂಗಿದರೆ ಹೇಳುವುದೇ ಬೇಡ.

ಈಗ ಹೇಳುತ್ತಾಳೆ ಎಂದು ಹಲ್ಲು ಕಚ್ಚಿಕೊಂಡು ನಿಂತ. ಹೇಳಲಿ. ಎಲ್ಲರ ಮುಂದೆ, ನನ್ನತ್ತ ಬೆರಳು ತೋರಿಸಿ, ಇವರಪ್ಪ ಅಂತ ಹೇಳಲಿ. ಅವಮಾನಕ್ಕೆ ತಾನು ಸಿದ್ಧನಾಗಿರುವುದು ಕಂಡು ಅವನಿಗೆ ತನ್ನ ಮೇಲೆ ಸ್ವಲ್ಪ ಗೌರವವೂ ಹುಟ್ಟಿತು. ಅಗ್ರಿಪ್ಪಿನಾ ಕನ್ನಡಕ ಏರಿಸಿಕೊಂಡು, ಕೈ ಕಟ್ಟಿಕೊಂಡು ಶುರುಮಾಡಿದಳು. "ಯುದ್ಧದ ಬೇಸಿಗೆಯಲ್ಲಿ, ಬಾಂಬುಗಳು ಬೀಳುತ್ತಿದ್ದಾಗ, ಓಣಿಯವರೆಲ್ಲ ಇಲ್ಲಿ ಅಡಗಿದ್ದರು. ಕತ್ತಲಲ್ಲಿ ಒಬ್ಬ ಎಳೆಯ ತಾಯಿ ತನ್ನ ಗಂಡುಕೂಸಿಗೆ ಜೋಗುಳ ಹಾಡುತ್ತಿದ್ದಳು." ಅವನ ಪದಗಳು. ಅವನ ಅಲ್ಪವಿರಾಮಗಳು. ಜೋಂಪು ಎಂಬ ಪದವನ್ನು ಆ ಓಣಿಯಲ್ಲಿ ಯಾರೂ ಬಳಸುವುದಿಲ್ಲ. ಆ ಪದ ಬಂದಾಗ ಅವಳ ನಾಲಿಗೆ ಒಂದು ಕ್ಷಣ ತೊಡರಿ, ದಾಟಿಕೊಂಡಿತು. ದಪ್ಪನೆಯ ಹೆಂಗಸು ಕಣ್ಣೊರೆಸಿಕೊಂಡಳು. ಜೋಗುಳ ಕೇಳಿಸುತ್ತದೆ ಎನ್ನುತ್ತಾರೆ, ಎಂಬಲ್ಲಿಗೆ ಮುಗಿಸಿ ಅವಳು ಸುಮ್ಮನಾದಾಗ ಎಲ್ಲರೂ ಕಿವಿಗೊಟ್ಟರು. ಏನೂ ಕೇಳಿಸಲಿಲ್ಲ.

"ಯಾವ ಜೋಗುಳ ಅದು?" ಒಬ್ಬ ಹುಡುಗಿ ಪಿಸುಗುಟ್ಟಿದಳು. "ನಿಮಗೆ ಬರುತ್ತಾ? ಹಾಡ್ತೀರಾ?"

"ನನಗೆ ಬರಲ್ಲ ಕಣಮ್ಮ. ನಮ್ಮವ್ವ ನಂಗೆ ಹಾಡಿಲ್ಲ. ಈ ಯಜಮಾನರು ಇದೇ ಊರಿನೋರು, ಇವರಿಗೆ ಬರಬಹುದು."

ಐದು ಮುಖಗಳು ಅವನತ್ತ ತಿರುಗಿದವು. ಮೂವತ್ತೆಂಟು ವರ್ಷ ಪಾಠ ಹೇಳಿದವನು ಅವನು. ಕೇಳಿದ ಪ್ರಶ್ನೆಯನ್ನು ಗಾಳಿಯಲ್ಲಿ ತೂಗಾಡಲು ಬಿಟ್ಟು ಗೊತ್ತಿಲ್ಲ. ಇಲ್ಲ ಅನ್ನಬೇಕು ಎಂದು ಯೋಚಿಸುವಷ್ಟರಲ್ಲಿ ಅವನ ಬಾಯಿ ತೆರೆದಿತ್ತು. ಅವನ ತಾಯಿ ಅವನಿಗೆ ಹಾಡುತ್ತಿದ್ದ ಒಂದು ಸಾಲು, ಬಂಡೆಗೆ ಬಡಿದು ದುಂಡಗಾಗಿ ತಿರುಗಿ ಬಂತು. ತನ್ನ ದನಿ ಇಷ್ಟು ಚೆನ್ನಾಗಿದೆಯೇ ಎನ್ನಿಸಿ ಎರಡನೆಯ ಸಾಲನ್ನೂ ಹಾಡಿದ. ಹ್ಯಾಟಿನ ಗಂಡಹೆಂಡತಿ ಚಪ್ಪಾಳೆ ತಟ್ಟಿದರು. "ಎಷ್ಟು ಚಂದ! ಎಷ್ಟು ಚಂದ!" ಎಂದಳು ದಪ್ಪನೆಯ ಹೆಂಗಸು. ಚಪ್ಪಾಳೆ ನಿಂತ ಮೇಲೆ ತಾನೇನು ಮಾಡಿದೆನೆಂಬುದು ಅವನಿಗೆ ಹೊಳೆಯಿತು. ಕಾಲ ಕೆಳಗಿನ ಕಲ್ಲು ಒದ್ದೆಯಾಗಿತ್ತು. ಅಗ್ರಿಪ್ಪಿನಾ ಆಗಲೇ ಮೆಟ್ಟಿಲು ಹತ್ತುತ್ತಿದ್ದಳು.

ಉಳಿದವರು ಹೋದ ಮೇಲೆ ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತ. ಅವಳು ಕೂತ್ಕೊಳ್ಳಿ ಅನ್ನಲಿಲ್ಲ. ಈರುಳ್ಳಿ ಹೆಚ್ಚತೊಡಗಿದಳು.

"ಚೆನ್ನಾಗಿ ಹಾಡಿದ್ರಿ ಮೇಷ್ಟ್ರೇ."

"ಅಗ್ರಿಪ್ಪಿನಾ, ನಂಗೆ ಗೊತ್ತಾಗ್ಲಿಲ್ಲ... ಬಾಯಿಗೆ ಬಂದ್ಬಿಡ್ತು."

"ನಿಮ್ಮನೇಲಿ ಎಲ್ಲಾರ್ದೂ ಹಾಗೇ. ಬಾಯಿಗೆ ಬಂದ್ಬಿಡುತ್ತೆ."

ಅವನು ಜೇಬಿನಿಂದ ಕರವಸ್ತ್ರ ತೆಗೆದು ಕುತ್ತಿಗೆಯ ಬೆವರು ಒರೆಸಿಕೊಂಡ. "ನೀನು ಯಾಕೆ ಅದನ್ನೇ ಹೇಳ್ತೀಯ? ನಾನು ಬರೆದದ್ದನ್ನ? ನಿಂಗೆ ಗೊತ್ತಿದೆಯಲ್ಲ."

"ಗೊತ್ತಿರೋದನ್ನ ಹೇಳಿದ್ದೆ. ಆಸ್ಪತ್ರೇಲಿ ಬಟ್ಟೆ ಒಗೆಯೋ ಕೆಲಸ ಇರೋವರೆಗೂ ಹಗಲು ನಾನು ಮನೇಲೇ ಇರ್ತಿರ್ಲಿಲ್ಲ, ತಟ್ಟೋರು ತಟ್ಕೊಂಡು ಹೋಗೋರು. ಮೂರು ವರ್ಷ ಆಯ್ತು ಕೆಲಸ ಬಿಟ್ಟು. ದಿನಾ ತಟ್ತಾರೆ. ಬೆಳಿಗ್ಗೆ, ಮಧ್ಯಾಹ್ನ, ನಾನು ಮಲಗಿರೋವಾಗ. ಒಂದಿನ ರೋಸಿಹೋಗಿ ತೆಗೆದೆ. ತೆಗೆದಿದ್ದು ತೆಗೆದೆ, ಇದ್ದದ್ದು ಇದ್ದಂಗೆ ಹೇಳೋಣ ಅಂತ ಹೇಳಿದೆ. ಅವರು ಒಂದ್ಸಲ ಪುಸ್ತಕ ನೋಡ್ತಾರೆ, ಒಂದ್ಸಲ ನನ್ನ ಮುಖ ನೋಡ್ತಾರೆ. ಬಾಯಿಬಿಟ್ಟು ಏನೂ ಅನ್ನಲ್ಲ, ಬುದ್ಧಿ ಸ್ವಲ್ಪ ಹಿಂದುಮುಂದು ಅನ್ನೋ ಹಂಗೆ ತಲೆ ಆಡಿಸ್ತಾರೆ. ಹೋದ ತಿಂಗಳು ಒಬ್ಬ ಬಂದಿದ್ದ, ತೊರೀನೋದೋನು. ಅವನು ಬೆರಳಿಟ್ಟು ತೋರಿಸ್ದ. 'ಇಲ್ಲಮ್ಮ, ಇಲ್ನೋಡಿ, ಗಂಡುಮಗು. ನಿಮಗೆ ವಯಸ್ಸಾಯ್ತು, ಮರ್ತುಬಿಟ್ಟಿದೀರಿ' ಅಂದ." ಚಾಕು ಹಲಗೆಯ ಮೇಲೆ ನಿಂತಿತು. "ನನ್ನ ಅಕ್ಕ ಗಂಡೋ ಹೆಣ್ಣೋ ಅಂತ ನಂಗೆ ಪಾಠ ಹೇಳಿಕೊಟ್ಟ. ಅವತ್ತು ಜಗಳ ಆಡ್ದೆ. ಆಮೇಲೆ ನಿಮ್ಮ ಪುಟಾನ ಕೂತು ಬಾಯಿಪಾಠ ಮಾಡ್ದೆ. ನಾಲ್ಕು ದಿನ ಹಿಡೀತು. ಈಗ ಯಾರೂ ತಿದ್ದಲ್ಲ."

"ಆ ಪುಟ ತೆಗೆಸಿಹಾಕ್ತೀನಿ," ಅಂದ ಸಾವೇರಿಯೊ. "ಇವತ್ತೇ. ಅದಕ್ಕೇ ಬಂದೆ." ಅದಕ್ಕೇ ಬಂದಿರಲಿಲ್ಲ, ಆದರೆ ಹೇಳಿದ ಕೂಡಲೆ ಅದು ನಿಜವೆನ್ನಿಸಿತು. "ಇನ್ಮೇಲೆ ಯಾರೂ ತಟ್ಟಲ್ಲ."

"ತೆಗೀತೀಯಾ?" ಅವಳು ಮೊದಲ ಸಲ ಅವನನ್ನು ಸರಿಯಾಗಿ ನೋಡಿದಳು. ಐವತ್ತು ವರ್ಷದ ಮೇಲೆ ಅವಳ ಬಾಯಲ್ಲಿ ಏಕವಚನ ಬಂದಿತ್ತು. "ಇಸ್ಕೂಲಲ್ಲಿ ಹುಡುಗ್ರು ತಪ್ಪು ಬರೆದ್ರೆ ಹಾಳೇನೇ ಹರಿದು ಹಾಕ್ತಿದ್ಯಾ? ತಿದ್ದಿ ಬರಿ ಅಂತಿದ್ಯಲ್ಲ? ನೀನೂ ತಿದ್ದಿ ಬರಿ. ಹೆಣ್ಣುಮಗು. ಹೆಸರು ಸರೀನಾ. ನಮ್ಮವ್ವ ಹಾಡಿರ್ಲಿಲ್ಲ, ನಿದ್ದೇನೂ ಮಾಡಿರ್ಲಿಲ್ಲ. ಮೂವತ್ತು ವರ್ಷದಿಂದ ಊರೂರಿನೋರೆಲ್ಲ ನಮ್ಮವ್ವ ತೂಕಡಿಸಿ ಮಗು ಕಳ್ಕೊಂಡ್ಳು ಅಂತ ಓದ್ತಿದಾರೆ. ಕೆಳಗೆ ಹೋಗು ಅಂದಿದ್ದು ಯಾರು ಅಂತ ಬರಿ. ಕಡ್ಡಿ ಕೇಳಿದ್ಲು ಅಂತ ಬರಿ. ಅಷ್ಟೇ. ನಿಂಗೆ ಬರೆಯೋಕೆ ಬರುತ್ತಲ್ಲ."

"ಬರೀತೀನಿ."

"ಬರೀತೀಯೋ ಇಲ್ವೋ ನಂಗೊತ್ತಿಲ್ಲ," ಎಂದು ಅವಳು ಮತ್ತೆ ಈರುಳ್ಳಿಯತ್ತ ತಿರುಗಿದಳು. "ಹೋಗುವಾಗ ಬಾಗಿಲು ಎಳಕೊಂಡು ಹೋಗಿ. ಧೂಳು ಬರ್ತದೆ."

ಓಣಿಯಿಂದ ಹೊರಬಿದ್ದವನ ನಡಿಗೆ ಹಗುರಾಗಿತ್ತು. ಇಷ್ಟು ವರ್ಷ ಇದಕ್ಕೆ ಹೆದರಿದ್ದೆನೇ? ಗಾಳಿಗೆ ಎದುರಾಗಿ, ಬಾಯೊಳಗೆ ಮರಳು ಅಗಿಯುತ್ತ, ಮನಸ್ಸಿನಲ್ಲೇ ಬರೆಯತೊಡಗಿದ. ಆ ಕಾಲದ ಪ್ರಸಿದ್ಧ ನೋಟರಿಯೊಬ್ಬರು, ಅಲ್ಲ, ಈ ಲೇಖಕನ ತಂದೆ. ಹಾಗೇ ಬರೆಯಬೇಕು, ನೇರವಾಗಿ. ಓದಿದವರು ಬೆಚ್ಚಿಬೀಳುತ್ತಾರೆ. ಕೈಪಿಡಿಯೊಂದರಲ್ಲಿ ಇಂಥದ್ದನ್ನು ಯಾರು ಬರೆದಿದ್ದಾರೆ? ಪತ್ರಿಕೆಯವರು ಬರಬಹುದು. ತಂದೆಯ ತಪ್ಪನ್ನು ಮುಚ್ಚಿಡದ ಮಗ. ಚಿಲುಮೆಯ ಹತ್ತಿರ ಬರುವಷ್ಟರಲ್ಲಿ ಅವನು ಸಂದರ್ಶನವೊಂದಕ್ಕೆ ಉತ್ತರ ಕೊಡುತ್ತಿದ್ದ. ಅದು ಅರಿವಾಗಿ ಕಿವಿ ಬಿಸಿಯಾಯಿತು, ಆದರೂ ಉತ್ತರವನ್ನು ಪೂರ್ತಿ ಮಾಡಿದ.

ಮನೆಯಲ್ಲಿ ಅಕ್ಕ ಒಲೆಯ ಮೇಲೆ ಕಾಡುಸೋಂಪಿನ ಸೊಪ್ಪು ಬೇಯಿಸುತ್ತಿದ್ದಳು. ಮೇಜಿಗೆ ಕೂತು ಇಪ್ಪತ್ತು ನಿಮಿಷದಲ್ಲಿ ಒಂಬತ್ತು ಸಾಲು ಬರೆದ. ಎಲ್ಲವೂ ಇತ್ತು, ಸರೀನಾ, ಹಲ್ಲು, ಪಾಚಿ, ಅಪ್ಪನ ಹೆಸರು, ಕಡ್ಡಿ, ಸಿಗರೇಟು. ಭಾಷೆ ಚೆನ್ನಾಗಿ ಬಂದಿತ್ತು. ಫಿಲೊಮೇನಾ ಕೈಯೊರೆಸಿಕೊಳ್ಳುತ್ತ ಬಂದು ಅವನ ಹೆಗಲ ಮೇಲಿಂದ ಓದಿದಳು. ಎಪ್ಪತ್ತನಾಲ್ಕರ ಹೆಂಗಸು, ಅಕ್ಷರಗಳನ್ನು ತುಟಿಯಲ್ಲಿ ಆಡಿಸುತ್ತ ನಿಧಾನವಾಗಿ ಓದುತ್ತಾಳೆ. ಅವಳು ಕೂಗಾಡುತ್ತಾಳೆ, ಅಪ್ಪನ ಮಾನ ಕಳೀಬೇಡ ಅನ್ನುತ್ತಾಳೆ ಎಂದು ಅವನು ಕಾದ. ಕಾಯುತ್ತಿರುವಾಗ, ಹಾಗೆ ಅನ್ನಲಿ ಎಂದು ತಾನು ಆಸೆಪಡುತ್ತಿರುವುದು ತಿಳಿಯಿತು.

"ಹೌದು, ಹೀಗೇ ಆಗಿದ್ದು," ಅಂದಳು ಅವಳು.

"ನಿಂಗೆ ಹೇಗೆ ಗೊತ್ತು?"

"ನಾನಲ್ಲೇ ಇದ್ನಲ್ಲೋ. ಆರು ವರ್ಷ ನಂಗೆ. ಅಜ್ಜಿ ತೊಡೆ ಮೇಲೆ ಕೂತಿದ್ದೆ." ಅರವತ್ತು ವರ್ಷ ಒಂದೇ ಮೇಜಿನಲ್ಲಿ ಉಂಡಿದ್ದರು. ಅವನು ಕೇಳಿರಲಿಲ್ಲ. "ಆ ಪಾಪು ಅಳು ನಿಲ್ಸಿ, ನಿಲ್ಸಿ ಅಂತ ನಾನೂ ಕಿರುಚಿದ್ದೆ. ಅದಕ್ಕೇ ಅಪ್ಪಂಗೆ ಸಿಟ್ಟು ಬಂದಿದ್ದು. ನನ್ನ ಹೆಸರೂ ಹಾಕು."

"ನಿನ್ನದ್ಯಾಕೆ, ಮಗು ನೀನು."

"ಅಪ್ಪನ್ನ ಹಾಕಿದ್ಮೇಲೆ ನನ್ನೂ ಹಾಕು. ನಾನು ಬದುಕಿದೀನಿ. ಬೈಯೋರು ಬಂದು ಬೈಕೊಳ್ಳಲಿ." ಅವಳು ಒಲೆಯ ಕಡೆ ಹೋದಳು, ಅಲ್ಲಿಂದಲೇ ಅಂದಳು, "ಬೇಗ ಮಾಡು. ಮೀನು ಹಾಕಿದ್ರೆ ಕಾಯಕ್ಕಾಗಲ್ಲ."

ಅವನು ಪೆನ್ನು ಹಿಡಿದು ಕೂತ. ಅಕ್ಕನ ಹೆಸರು ಬರೆದ, ಹೊಡೆದುಹಾಕಿದ. ಈ ಇಳಿವಯಸ್ಸಿನಲ್ಲಿ ಅವಳನ್ನು ಬೀದಿಗೆ ಎಳೆಯಬಾರದು. ಅವಳನ್ನು ಬಿಟ್ಟ ಮೇಲೆ ಅಪ್ಪನನ್ನು ಮಾತ್ರ ಇಡುವುದು ಅನ್ಯಾಯವಲ್ಲವೇ? ಅಪ್ಪನ ಹೆಸರಿನ ಜಾಗದಲ್ಲಿ 'ಮೇಲೆ ನಿಂತಿದ್ದವರೊಬ್ಬರು' ಎಂದು ಬರೆದ. ಅದು ಅ‌ಪ್ಪನ ಸಲುವಾಗಿಯಲ್ಲ, ಅಕ್ಕನ ಸಲುವಾಗಿ ಎಂದು ತನಗೆ ತಾನೇ ಎರಡು ಸಲ ಹೇಳಿಕೊಂಡ. ಅಷ್ಟರಲ್ಲಿ ಫೋನು ಬಂತು.

"ಆಯ್ತಾ ಮೇಷ್ಟ್ರೇ? ಹೇಳಿ, ಬರ್ಕೋತೀನಿ."

ಓದಿ ಹೇಳಿದ. ಆ ಕಡೆ ಸ್ವಲ್ಪ ಹೊತ್ತು ಬೆರಳಚ್ಚಿನ ಸದ್ದು ಕೇಳಿಸಿತು, ಆಮೇಲೆ ಕೇಳಿಸಲಿಲ್ಲ.

"ಮೇಷ್ಟ್ರೇ," ಒರ್ನೆಲ್ಲಾ ಮೆತ್ತಗಿನ ದನಿಯಲ್ಲಿ ಅಂದಳು, ಕಾಯಿಲೆಯವರ ಹತ್ತಿರ ಮಾತಾಡುವ ಹಾಗೆ. "ಜನ ರಜಕ್ಕೆ ಬರೋರು. ಐಸ್ ಕ್ರೀಮ್ ತಿನ್ಕೊಂಡು ಓದ್ತಾರೆ ಇದನ್ನ. ಈ ಕಡ್ಡಿ ಗೀರಲಿಲ್ಲ ಅನ್ನೋದು... ಊರಿನೋರ ಮೇಲೇ ಬರುತ್ತಲ್ಲ?"

"ಬೇಕಾದ್ರೆ ಅದನ್ನ ಬಿಡು."

"ಮತ್ತೆ 'ಮೇಲೆ ನಿಂತಿದ್ದವರೊಬ್ಬರು ಕೆಳಗೆ ಹೋಗೆಂದರು'. ಯಾರು ಅಂತ ಕೇಳ್ತಾರೆ. ಯಾರು ಮೇಷ್ಟ್ರೇ?"

ಅಡುಗೆಮನೆಯಲ್ಲಿ ಎಣ್ಣೆಗೆ ಮೀನು ಬಿದ್ದ ಸದ್ದಾಯಿತು. ಒಂದೇ ಹೆಸರು, ಎರಡು ಪದ. ನಾಲಿಗೆಯ ಮೇಲೆ ಬಂದು ಕೂತಿತ್ತು. ಬೆಳಿಗ್ಗೆ ನೆಲಮಾಳಿಗೆಯಲ್ಲಿ ಎಷ್ಟು ಸಲೀಸಾಗಿ ತೆರೆದುಕೊಂಡಿದ್ದ ಬಾಯಿ ಈಗ ಬಿಗಿದುಕೊಂಡಿತು.

"ಗೊತ್ತಿಲ್ಲ," ಅಂದ.

"ಹಾಗಾದ್ರೆ ಅದೂ ಬೇಡ, ಅಲ್ವಾ? ಹಳೇದೇ ಇರಲಿ. ಅದು ಎಲ್ಲರಿಗೂ ಇಷ್ಟ ಕೂಡ. ನನಗೂ ಚಿಕ್ಕೋಳಿದ್ದಾಗ ಅಪ್ಪ ಓದಿ ಹೇಳೋರು."

"ಹೆಣ್ಣುಮಗು ಅಂತ ಮಾಡು. ಸರೀನಾ ಅಂತ ಹೆಸರು ಹಾಕು."

"ಹೆಸರು ಹಾಕಿದ್ರೆ ಒಂದು ಸಾಲು ಮುಂದಕ್ಕೆ ಹೋಗುತ್ತೆ ಮೇಷ್ಟ್ರೇ, ಪಕ್ಕದ ಪುಟದ ಜೋಡಣೆ ಕೆಡುತ್ತೆ, ಅಲ್ಲಿ ಹೋಟೆಲಿನವರ ಜಾಹೀರಾತಿದೆ. ಹೆಣ್ಣು ಅಂತ ಮಾಡಬಹುದು. ಗಂಡು ಇರೋ ಕಡೆ ಹೆಣ್ಣು. ಅಷ್ಟೇ ಜಾಗ. ಮಾಡ್ಲಾ?"

"ಮಾಡು."

"ಸಂತೋಷದಿಂದ ತೋರಿಸುತ್ತಾಳೆ ಅನ್ನೋದು?"

ಅವನು ಕಿಟಕಿಯ ಗಾಜಿನ ಮೇಲೆ ಕೂತ ಕೆಂಪು ಧೂಳನ್ನು ನೋಡಿದ. "ತೋರಿಸಿದ್ಲು," ಅಂದ. "ಚೆನ್ನಾಗೇ ತೋರಿಸಿದ್ಲು."

ಫೋನಿಟ್ಟು ಒಂಬತ್ತು ಸಾಲಿನ ಹಾಳೆಯನ್ನು ನಾಲ್ಕಾಗಿ ಮಡಚಿದ. ಎಲ್ಲಿಡುವುದೆಂದು ತಿಳಿಯದೆ, ಅಲ್ಲೇ ಇದ್ದ ನಿಘಂಟಿನೊಳಗೆ ಇಟ್ಟ. ಅಕ್ಕ ಎರಡು ತಟ್ಟೆಗಳನ್ನು ತಂದಿಟ್ಟಳು, ಸಾರ್ಡೀನು ಮೀನು ಬೆರೆಸಿದ ಪಾಸ್ತಾ, ಮೇಲೆ ಹುರಿದ ರೊಟ್ಟಿಪುಡಿ. "ಹಾಕಿದ್ಯಾ ನನ್ನ ಹೆಸರು?" ಎಂದು ಕೇಳಿದಳು. ಅವನು ತಟ್ಟೆ ಎಳೆದುಕೊಂಡು, "ಜಾಗ ಸಾಲಲಿಲ್ಲ," ಅಂದ. ಅವಳು ಅವನ ಮುಖವನ್ನು ನೋಡಿದಳು. ತನ್ನ ತಟ್ಟೆಯನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿ ಅಲ್ಲೇ ಒಲೆಯ ಪಕ್ಕ ನಿಂತುಕೊಂಡು ತಿನ್ನತೊಡಗಿದಳು. ಚಮಚ ತಟ್ಟೆಗೆ ತಾಗುವ ಸದ್ದು ಬರುತ್ತಿತ್ತು. ಒಂದು ತುತ್ತೂ ಗಂಟಲಲ್ಲಿ ಇಳಿಯಲಿಕ್ಕಿಲ್ಲ ಎಂದುಕೊಂಡೇ ಅವನು ಮೊದಲ ತುತ್ತು ಬಾಯಿಗಿಟ್ಟ. ಬೆಳಗಿನಿಂದ ಏನೂ ತಿಂದಿರಲಿಲ್ಲ. ಒಳ್ಳೆಯ ಹಸಿವಾಗಿತ್ತು, ಮೀನು ಹದವಾಗಿ ಬೆಂದಿತ್ತು. ತಟ್ಟೆ ಖಾಲಿಯಾದ ಮೇಲೆ ರೊಟ್ಟಿಯ ಚೂರಿನಿಂದ ತಳ ಒರೆಸಿ ತಿಂದು, "ಅಕ್ಕಾ," ಎಂದು ಕೂಗಿದ, "ಇನ್ನೊಂದು ಸ್ವಲ್ಪ ಇದ್ರೆ ಹಾಕು."